ಹೆದರಿಕೆಯ ಕಥೆಗೆ ಅಳತೆಗೋಲು ಯಾವುದು?

ಭಯಾನಕ ಕಥೆಗಳ ಮಾತು ಬಂದಾಗ ನಮ್ಮ ಸುಶಿಕ್ಷಿತ ವಲಯದಲ್ಲಿ ಎರಡೇ ಎರಡು ತೀರ್ಪುಗಳು ಕೇಳಿಬರುತ್ತವೆ. ಒಂದು, "ಅಯ್ಯೋ, ಅವೆಲ್ಲ ದೆವ್ವ ಭೂತಗಳ ಕಂತೆ, ಸಾಹಿತ್ಯವೆಂದು ಕರೆಯುವಂಥದ್ದಲ್ಲ" ಎಂಬುದು. ಇನ್ನೊಂದು, "ರಾತ್ರಿ ಓದಿದೆ ಸಾರ್, ಬೆಳಗಿನವರೆಗೆ ನಿದ್ದೆಯೇ ಹತ್ತಲಿಲ್ಲ, ಅದ್ಭುತ ಪುಸ್ತಕ!" ಎಂಬುದು. ಮೊದಲನೆಯದು ಓದದವರ ತೀರ್ಪು. ಎರಡನೆಯದು ಓದಿಯೂ ಯೋಚಿಸದವರ ತೀರ್ಪು. ಮೊದಲಿನವರು ವಸ್ತುವನ್ನು ಕೇಳಿದ ಕೂಡಲೇ ಬಾಗಿಲು ಹಾಕಿಕೊಳ್ಳುತ್ತಾರೆ. ಎರಡನೆಯವರು ತಮ್ಮ ಎದೆಬಡಿತವನ್ನು ಎಣಿಸಿ ಅಂಕ ಕೊಡುತ್ತಾರೆ. ಎದೆಬಡಿತವೇ ಅಳತೆಯಾಗುವುದಾದರೆ, ಬಾಗಿಲ ಹಿಂದೆ ಅಡಗಿ ನಿಂತು "ಭೋ" ಎಂದು ಕೂಗುವ ಮನೆಯ ಮೊಮ್ಮಗನೇ ಜಗತ್ತಿನ ಶ್ರೇಷ್ಠ ಭಯಾನಕ ಕಥೆಗಾರನಾಗಬೇಕಾಗುತ್ತದೆ!

ಈ ಎರಡು ತೀರ್ಪುಗಳೂ ತಪ್ಪೆಂಬುದು ನನ್ನ ವಾದ. ಇದು ಕೇವಲ ರುಚಿಭೇದದ ಜಗಳವಲ್ಲ. ಹದಿಮೂರರಿಂದ ಹದಿನಾರರ ವಯಸ್ಸಿನ ಮಕ್ಕಳು ತಾವಾಗಿಯೇ ಹುಡುಕಿಕೊಂಡು ಹೋಗಿ ಓದುವ ಕೆಲವೇ ಪ್ರಕಾರಗಳಲ್ಲಿ ಇದೂ ಒಂದು. ಅವರಿಗೆ ಇದನ್ನು ತೂಗಿ ನೋಡುವ ತಕ್ಕಡಿಯನ್ನು ನಾವು ಕೊಡದಿದ್ದರೆ, ಸಿಕ್ಕಿದ್ದನ್ನು ಓದುತ್ತಾರೆ, ಇಲ್ಲವೇ ಓದುವುದನ್ನೇ ಬಿಡುತ್ತಾರೆ. ಎರಡೂ ನಷ್ಟವೇ.

ಮೊದಲು ಅತಿ ದೊಡ್ಡ ಆರೋಪವನ್ನು ವಿಚಾರಿಸೋಣ. ಈ ಬಗೆಯ ಕಥೆಗಳು ಮೂಢನಂಬಿಕೆಯನ್ನು ಬೆಳೆಸುತ್ತವೆ ಎಂಬುದು ಆ ಆರೋಪ. ಕೆಲವು ವರ್ಷಗಳ ಹಿಂದೆ ಒಂದು ಪ್ರೌಢಶಾಲೆಯ ಗ್ರಂಥಾಲಯಕ್ಕೆ ಪುಸ್ತಕಗಳನ್ನು ಆರಿಸುವ ಸಮಿತಿಯಲ್ಲಿ ಕುಳಿತಿದ್ದೆ. ಪಟ್ಟಿಯಲ್ಲಿದ್ದ ಎರಡು ಕಥಾಸಂಕಲನಗಳ ಮೇಲೆ ಕೆಂಪು ಗೆರೆ ಎಳೆದರು. ದೆವ್ವದ ಕಥೆಗಳೆಂಬುದು ಕಾರಣ. ಎಳೆದವರಲ್ಲಿ ಒಬ್ಬರೂ ಅವನ್ನು ಓದಿರಲಿಲ್ಲ. ಅದೇ ಪಟ್ಟಿಯಲ್ಲಿ, ಹೆಸರಿನ ಮೊದಲ ಅಕ್ಷರವನ್ನು ಬದಲಾಯಿಸಿಕೊಂಡರೆ ಪರೀಕ್ಷೆಯಲ್ಲಿ ಯಶಸ್ಸು ಖಚಿತವೆಂದು ಬೋಧಿಸುವ 'ವ್ಯಕ್ತಿತ್ವ ವಿಕಸನ'ದ ಪುಸ್ತಕವೊಂದಿತ್ತು. ಅದು ಯಾವ ತಕರಾರೂ ಇಲ್ಲದೆ ಅಂಗೀಕಾರವಾಯಿತು. ನಾನು ಆಕ್ಷೇಪಿಸಿದೆ. "ಅದು ಪಾಸಿಟಿವ್ ಪುಸ್ತಕ, ಮೇಷ್ಟ್ರೇ" ಎಂಬ ಉತ್ತರ ಬಂತು.

ನಮ್ಮ ಗೊಂದಲವೆಲ್ಲ ಆ ಒಂದು ಉತ್ತರದಲ್ಲಿದೆ. ಕಥೆಗಾರನು ನಮ್ಮಿಂದ ಕೇಳುವುದು "ಹೀಗಾಯಿತೆಂದು ಇಟ್ಟುಕೊಳ್ಳಿ" ಎಂಬ ತಾತ್ಕಾಲಿಕ ಒಪ್ಪಿಗೆಯನ್ನು. ಪುಸ್ತಕ ಮುಚ್ಚಿದೊಡನೆ ಆ ಒಪ್ಪಂದ ಮುಗಿಯುತ್ತದೆ. ಮಾಟ ತೆಗೆಸುವವನು, ತಾಯಿತ ಕಟ್ಟುವವನು, ಅಕ್ಷರ ಬದಲಾಯಿಸುವವನು ಕೇಳುವುದು ನಂಬಿಕೆಯನ್ನು. ಅದರ ಬೆನ್ನಿಗೇ ಹಣವನ್ನು. ತೊಂಬತ್ತರ ದಶಕದಲ್ಲಿ ನಮ್ಮ ಊರುಗಳ ಬಾಗಿಲುಗಳ ಮೇಲೆಲ್ಲ 'ನಾಳೆ ಬಾ' ಎಂದು ಬರೆದದ್ದು ಅನೇಕರಿಗೆ ನೆನಪಿರಬಹುದು. ಅದು ವದಂತಿ. ವದಂತಿಯು "ಪಕ್ಕದ ಬೀದಿಯಲ್ಲಿ ನಿನ್ನೆ ರಾತ್ರಿ ಆಯಿತಂತೆ" ಎನ್ನುತ್ತದೆ. ಕಥೆ ಎಂದೂ ಹಾಗೆ ಹೇಳುವುದಿಲ್ಲ. ಅಮಾನವೀಯ ದುಷ್ಟ ಪದ್ಧತಿಗಳನ್ನೂ ವಾಮಾಚಾರವನ್ನೂ ತಡೆಯುವ ಕರ್ನಾಟಕದ ಕಾಯಿದೆ 2017ರಲ್ಲಿ ಅಂಗೀಕಾರಗೊಂಡು 2020ರಲ್ಲಿ ಜಾರಿಗೆ ಬಂದಿತು. ಅದನ್ನು ನಾನು ಮನಸಾರೆ ಸ್ವಾಗತಿಸಿದವನು. ಆ ಕಾಯಿದೆಯ ಗುರಿ ಜನರನ್ನು ಹಿಂಸಿಸುವವರು, ಸುಲಿಯುವವರು, ಕಥೆಗಾರರಲ್ಲ.

ಲೇಖಕರ ಬದುಕನ್ನೇ ನೋಡಿದರೂ ಈ ಆರೋಪ ನಿಲ್ಲುವುದಿಲ್ಲ. ಷರ್ಲಾಕ್ ಹೋಮ್ಸ್‌ನೆಂಬ ತರ್ಕದ ಅವತಾರಪುರುಷನನ್ನು ಸೃಷ್ಟಿಸಿದ ಆರ್ಥರ್ ಕಾನನ್ ಡಾಯ್ಲ್, ಪ್ರೇತಗಳೊಡನೆ ಮಾತಾಡಬಹುದೆಂದು ನಂಬಿ ಅದರ ಪ್ರಚಾರಕ್ಕೇ ತನ್ನ ಕೊನೆಯ ವರ್ಷಗಳನ್ನು ಮುಡಿಪಾಗಿಟ್ಟ. ಇಂಗ್ಲೆಂಡಿನ ಕಾಟಿಂಗ್ಲಿ ಎಂಬ ಹಳ್ಳಿಯ ಇಬ್ಬರು ಹುಡುಗಿಯರು 1917ರಲ್ಲಿ ತೆಗೆದ ಕಿನ್ನರಿಯರ ಫೋಟೋಗಳನ್ನು ಸತ್ಯವೆಂದು ಒಪ್ಪಿ 1922ರಲ್ಲಿ ಪುಸ್ತಕವನ್ನೇ ಬರೆದ. ಅವು ಕಾಗದದ ಗೊಂಬೆಗಳೆಂದು ಆ ಹುಡುಗಿಯರು ಮುದುಕಿಯರಾದ ಮೇಲೆ, 1983ರಲ್ಲಿ, ಒಪ್ಪಿಕೊಂಡರು. ಇನ್ನೊಂದು ಕಡೆ, ಸಮುದ್ರದಾಳದ ಘೋರ ದೈವಗಳನ್ನು ಕಲ್ಪಿಸಿದ ಅಮೆರಿಕದ ಎಚ್.ಪಿ. ಲವ್‌ಕ್ರಾಫ್ಟ್ ಜೀವನವಿಡೀ ಕಟ್ಟಾ ಭೌತವಾದಿ. ದೇವರನ್ನೂ ನಂಬಲಿಲ್ಲ, ದೆವ್ವವನ್ನೂ ನಂಬಲಿಲ್ಲ. ಪತ್ತೇದಾರಿ ಕಥೆ ಬರೆದವನು ಕಿನ್ನರಿಯರನ್ನು ನಂಬಿದ, ಭೂತದ ಕಥೆ ಬರೆದವನು ಏನನ್ನೂ ನಂಬಲಿಲ್ಲ. ಪ್ರಕಾರವನ್ನು ನೋಡಿ ಮೂಢನಂಬಿಕೆಯನ್ನು ಅಳೆಯುವವರು ಇದಕ್ಕೆ ಏನೆನ್ನುತ್ತಾರೆ?

ಇನ್ನು 'ಇದು ಸಾಹಿತ್ಯವೇ ಅಲ್ಲ' ಎಂಬ ಮಾತು. ಭರತನ ನಾಟ್ಯಶಾಸ್ತ್ರ ಎಂಟು ರಸಗಳನ್ನು ಹೇಳುತ್ತದೆ. ಅವುಗಳಲ್ಲಿ ಭಯಾನಕವೂ ಒಂದು. ಅದಕ್ಕೆ ಕಾರಣವಾಗುವ ವಿಭಾವಗಳನ್ನು ಪಟ್ಟಿ ಮಾಡುವಾಗ ಭರತ ವಿಕಾರವಾದ ಧ್ವನಿ, ಭೂತಗಳ ದರ್ಶನ, ನರಿ ಗೂಬೆಗಳ ಕೂಗಿನಿಂದಾಗುವ ಹೆದರಿಕೆ, ಪಾಳುಬಿದ್ದ ಮನೆ, ಅರಣ್ಯ ಇವುಗಳನ್ನು ಹೇಳುತ್ತಾನೆ. ಇಂಗ್ಲೆಂಡಿನಲ್ಲಿ ಹೊರೇಸ್ ವಾಲ್ಪೋಲ್ 1764ರಲ್ಲಿ 'ದಿ ಕ್ಯಾಸಲ್ ಆಫ್ ಒಟ್ರಾಂಟೊ' ಬರೆದು ಗೋಥಿಕ್ ಕಾದಂಬರಿಗೆ ಅಡಿಪಾಯ ಹಾಕಿದ ನಂತರ ಇನ್ನೂರು ಮುನ್ನೂರು ಕಾದಂಬರಿಕಾರರು ಬಳಸಿದ ಸಾಮಗ್ರಿಯೆಲ್ಲ ಈ ಪಟ್ಟಿಯಲ್ಲಾಗಲೇ ಇದೆ. ನಮ್ಮ ರನ್ನನ 'ಗದಾಯುದ್ಧ'ದಲ್ಲಿ ದುರ್ಯೋಧನನು ಸಂಜಯನೊಡನೆ ಹೆಣಗಳು ತುಂಬಿದ ರಣರಂಗದಲ್ಲಿ ನಡೆಯುವಾಗ ಮರುಳುಗಳು ಎದುರಾಗುತ್ತವೆ. 1209ರಲ್ಲಿ ಜನ್ನ ಬರೆದ 'ಯಶೋಧರ ಚರಿತೆ' ಚಂಡಮಾರಿಯ ಗುಡಿಯಲ್ಲಿ ಇಬ್ಬರು ಎಳೆಯರನ್ನು ಬಲಿಗೆ ತಂದು ನಿಲ್ಲಿಸುವುದರಿಂದ ಮೊದಲಾಗುತ್ತದೆ. ಇವನ್ನು ಪಠ್ಯಪುಸ್ತಕದಲ್ಲಿಟ್ಟು ಪಾಠ ಮಾಡುವ ನಾವು, ಭಯಾನಕಕ್ಕೆ ಸಾಹಿತ್ಯದಲ್ಲಿ ಜಾಗವಿಲ್ಲವೆಂದು ಯಾವ ಬಾಯಿಂದ ಹೇಳುವುದು?

ಆದರೆ ಭರತನನ್ನು ನಾನು ಕರೆತಂದದ್ದು ಪೂರ್ವಿಕರ ಹಿರಿಮೆಯನ್ನು ಸಾರುವುದಕ್ಕಲ್ಲ. ತೂಗುವುದಕ್ಕೆ ಒಂದು ಉಪಯುಕ್ತ ಬಟ್ಟು ಅವನಲ್ಲಿ ಸಿಗುತ್ತದೆ. ಭಯಾನಕ ಬೇರೆ, ಬೀಭತ್ಸ ಬೇರೆ ಎಂದು ಅವನು ಸ್ಪಷ್ಟವಾಗಿ ಬಿಡಿಸಿಟ್ಟ. ಭಯಾನಕದ ಸ್ಥಾಯಿ ಭಯ, ಬೀಭತ್ಸದ ಸ್ಥಾಯಿ ಜುಗುಪ್ಸೆ. ಬೀಭತ್ಸದಿಂದ ಭಯಾನಕ ಹುಟ್ಟಬಹುದೆಂದೂ ಹೇಳಿದ. ಎರಡೂ ಒಂದೇ ಎನ್ನಲಿಲ್ಲ. ಹದಿನೆಂಟನೆಯ ಶತಮಾನದ ಕೊನೆಯ ಭಾಗದ ಪ್ರಸಿದ್ಧ ಕಾದಂಬರಿಕಾರ್ತಿ ಆನ್ ರಾಡ್‌ಕ್ಲಿಫ್ ಕೂಡ ಬೇರೆ ದಾರಿಯಲ್ಲಿ ಇಂಥದೇ ಒಂದು ಭೇದವನ್ನು ಕಂಡುಕೊಂಡಳು. ಆಕೆ ತೀರಿಕೊಂಡ ಬಳಿಕ 1826ರಲ್ಲಿ ಅಚ್ಚಾದ ಪ್ರಬಂಧದಲ್ಲಿ, ಮನಸ್ಸನ್ನು ಹಿಗ್ಗಿಸುವ ಭೀತಿ ಒಂದು, ಮನಸ್ಸನ್ನು ಮುದುಡಿಸಿ ಮರಗಟ್ಟಿಸುವ ಭೀತಿ ಇನ್ನೊಂದು ಎಂದು ವಿಂಗಡಿಸಿದ್ದಾಳೆ. ನಮ್ಮ ಕಾಲದ ಸ್ಟೀಫನ್ ಕಿಂಗ್ 1981ರ 'ಡಾನ್ಸ್ ಮಕಾಬ್ರ್' ಎಂಬ ಪುಸ್ತಕದಲ್ಲಿ ಮೂರು ಮೆಟ್ಟಿಲುಗಳನ್ನು ಹೇಳುತ್ತಾನೆ: ಕಾಣದೆಯೇ ನಡುಗಿಸುವುದು ಮೇಲಿನದು, ಕಾಣಿಸಿ ಬೆಚ್ಚಿಬೀಳಿಸುವುದು ನಡುವಿನದು, ಹೇಸಿಗೆ ಹುಟ್ಟಿಸುವುದು ಕೆಳಗಿನದು. ಮೇಲಿನೆರಡು ಕೈಗೆ ಸಿಗದಿದ್ದರೆ ಮೂರನೆಯದಕ್ಕೂ ಇಳಿಯುವೆನೆಂದು ಅವನೇ ಒಪ್ಪುತ್ತಾನೆ. ಅವನ ಪ್ರಾಮಾಣಿಕತೆ ಮೆಚ್ಚತಕ್ಕದ್ದು. ಆದರೆ ಅವನನ್ನು ಅನುಕರಿಸುವವರಲ್ಲಿ ಅನೇಕರು ಕೆಳಗಿನ ಮೆಟ್ಟಿಲಿನಲ್ಲೇ ಮನೆ ಕಟ್ಟಿಕೊಂಡು ಕುಳಿತಿದ್ದಾರೆ. ರಕ್ತ, ಕರುಳು, ಕೀವುಗಳನ್ನು ಪುಟಗಟ್ಟಲೆ ಸುರಿದು ಅದನ್ನು ಧೈರ್ಯವೆಂದು ಕರೆದುಕೊಳ್ಳುತ್ತಾರೆ. ರನ್ನನ ರಣರಂಗದಲ್ಲೂ ರಕ್ತವುಂಟು, ಆದರೆ ಆ ರಕ್ತದ ನಡುವೆಯೇ ದುರ್ಯೋಧನ ದ್ರೋಣ, ದುಶ್ಶಾಸನ, ಕರ್ಣರ ಶವಗಳ ಮುಂದೆ ನಿಂತು ಅಳುತ್ತಾನೆ. ಅಲ್ಲಿಯ ಹೇಸಿಗೆ ಶೋಕಕ್ಕೆ ದಾರಿ ಬಿಡಿಸಿಕೊಡುತ್ತದೆ. ಇವರ ಹೇಸಿಗೆ ಮುಂದಿನ ಪುಟದ ಹೇಸಿಗೆಗೆ ಮಾತ್ರ ದಾರಿ ತೋರಿಸುತ್ತದೆ.

ಮಾತು ಬರಿಯ ತತ್ತ್ವವಾಗದಿರಲೆಂದು ಒಂದು ಕಥೆಯನ್ನು ಬಿಡಿಸಿ ನೋಡೋಣ. ಡಬ್ಲ್ಯು.ಡಬ್ಲ್ಯು. ಜೇಕಬ್ಸ್ 1902ರಲ್ಲಿ ಪ್ರಕಟಿಸಿದ 'ದಿ ಮಂಕೀಸ್ ಪಾ' ಇಂಗ್ಲಿಷ್ ಪಾಠಗಳ ಮೂಲಕ ನಮ್ಮಲ್ಲಿ ಅನೇಕರಿಗೆ ಪರಿಚಿತ. ಭಾರತದಿಂದ ಮರಳಿದ ಸೈನಿಕನೊಬ್ಬ ಒಣಗಿದ ಕೋತಿಯ ಪಂಜವೊಂದನ್ನು ತರುತ್ತಾನೆ; ಮೂವರು ಮನುಷ್ಯರ ತಲಾ ಮೂರು ಕೋರಿಕೆಗಳನ್ನು ಅದು ಈಡೇರಿಸುತ್ತದಂತೆ. ಕಥೆ ಆರಂಭವಾಗುವುದು ಚದುರಂಗದ ಆಟದಿಂದ. ಮುದುಕ ವೈಟ್ ತನ್ನ ರಾಜನನ್ನು ಅನಗತ್ಯವಾಗಿ ಅಪಾಯಕ್ಕೆ ಒಡ್ಡುವ ಆಟಗಾರ. ಮುಂದೆ ಆಗಲಿರುವುದೆಲ್ಲ ಮೊದಲ ಪುಟದ ಆ ಒಂದು ನಡೆಯಲ್ಲಿದೆ. ಪಂಜ ಕೈಗೆ ಬಂದಾಗ ಅವನಿಗೆ ಏನು ಬೇಡಬೇಕೆಂದೇ ತೋಚುವುದಿಲ್ಲ, ಬೇಕಾದದ್ದೆಲ್ಲ ಇದೆ. ಮಗ ತಮಾಷೆಗೆ, ಮನೆಯ ಸಾಲ ತೀರಲು ಇನ್ನೂರು ಪೌಂಡು ಕೇಳು ಎನ್ನುತ್ತಾನೆ. ಕೇಳುತ್ತಾನೆ.

ಮರುದಿನ ಗೇಟಿನ ಬಳಿ ಒಬ್ಬ ಮನುಷ್ಯ ಒಳಗೆ ಬರಲೋ ಬೇಡವೋ ಎಂದು ಹಿಂದೆ ಮುಂದೆ ನೋಡುತ್ತಾನೆ. ಅವನು ಮಗ ದುಡಿಯುತ್ತಿದ್ದ ಕಂಪೆನಿಯ ಪ್ರತಿನಿಧಿ. ಮಗ ಯಂತ್ರಕ್ಕೆ ಸಿಕ್ಕಿ ಸತ್ತಿದ್ದಾನೆ. ಕಂಪೆನಿ ಯಾವ ಹೊಣೆಯನ್ನೂ ಹೊರುವುದಿಲ್ಲ, ಆದರೂ ಅವನ ಸೇವೆಯನ್ನು ಪರಿಗಣಿಸಿ ಒಂದಿಷ್ಟು ಪರಿಹಾರ ಕೊಡುತ್ತದೆ. ಎಷ್ಟು ಎಂಬುದನ್ನು ಓದುಗ ಆಗಲೇ ಊಹಿಸಿರುತ್ತಾನೆ. ಗಮನಿಸಿ: ಈ ಕಥೆಯಲ್ಲಿ ಆ ಮನೆಯ ಬಾಗಿಲಿಗೆ ಮೊದಲು ಬರುವುದು ಪ್ರೇತವಲ್ಲ, ಕಂಪೆನಿಯ ಗುಮಾಸ್ತ. ಮಗನ ಜೀವಕ್ಕೆ ಬೆಲೆ ಕಟ್ಟಿದ ಆ ನಯವಾದ ಮಾತು ಕಥೆಯ ಮೊದಲ ನಡುಕ. ಅದರಲ್ಲಿ ಅಲೌಕಿಕವಾದದ್ದು ಏನೇನೂ ಇಲ್ಲ. ಆಮೇಲೆ ತಾಯಿ, ಮಗನನ್ನು ಬದುಕಿಸೆಂದು ಎರಡನೆಯ ಕೋರಿಕೆ ಕೇಳುವಂತೆ ಗಂಡನನ್ನು ಪೀಡಿಸುತ್ತಾಳೆ. ಮಗನ ಶರೀರ ಯಾವ ಸ್ಥಿತಿಯಲ್ಲಿತ್ತೆಂಬುದನ್ನು ನೋಡಿದವನು ತಂದೆ ಮಾತ್ರ. ರಾತ್ರಿ ಬಾಗಿಲು ಬಡಿದ ಸದ್ದು. ತಾಯಿ ಚಿಲಕ ತೆಗೆಯಲು ಒದ್ದಾಡುತ್ತಿದ್ದಾಳೆ. ತಂದೆ ಕತ್ತಲಲ್ಲಿ ಪಂಜವನ್ನು ತಡಕುತ್ತಿದ್ದಾನೆ. ಮೂರನೆಯ ಕೋರಿಕೆ ಏನೆಂದು ಜೇಕಬ್ಸ್ ಹೇಳುವುದಿಲ್ಲ; ಬಾಗಿಲ ಆಚೆ ಏನಿತ್ತೆಂದೂ ಹೇಳುವುದಿಲ್ಲ. ಬಾಗಿಲು ತೆರೆದಾಗ ಬೀದಿ ಬರಿದಾಗಿರುತ್ತದೆ.

ಪ್ರೀತಿ ಬಾಗಿಲು ತೆರೆಯಲು ಹೋಗುತ್ತದೆ. ಪ್ರೀತಿಯೇ ಬಾಗಿಲು ತೆರೆಯದಿರಲೆಂದು ಬೇಡುತ್ತದೆ. ಒಂದೇ ಮಗನ ಮೇಲಿನ ಒಂದೇ ಪ್ರೀತಿ ಹೀಗೆ ಎರಡಾಗಿ ಸೀಳುವುದೇ ಇಲ್ಲಿಯ ಭಯ. ಇದನ್ನು ಬೇರಾವ ಪ್ರಕಾರವೂ ಇಷ್ಟು ಕಡಿಮೆ ಪುಟಗಳಲ್ಲಿ ಹೇಳಲಾರದೆಂದು ನನ್ನ ನಂಬಿಕೆ. ಈ ಕಥೆಯನ್ನು ಓದಿಸಿ "ಹೆದರಿಕೆಯಾಯಿತೇ?" ಎಂದು ಕೇಳುವುದು ವ್ಯರ್ಥ. "ಬಾಗಿಲು ತೆರೆಯುವ ಮೊದಲೇ ಲೇಖಕ ಬೀದಿಯನ್ನು ಬರಿದು ಮಾಡಿದ್ದೇಕೆ?" ಎಂದು ಕೇಳಿದರೆ ಒಂಬತ್ತನೆಯ ತರಗತಿಯ ಮಕ್ಕಳೂ ಅರ್ಧ ಗಂಟೆ ವಾದಿಸುತ್ತಾರೆ. ನಾನು ಕಂಡಿದ್ದೇನೆ.

ಇದೇ ಕಥೆಯನ್ನು ಇನ್ನೊಂದು ದಿಕ್ಕಿನಿಂದಲೂ ಪ್ರಶ್ನಿಸಬೇಕು; ಅಭಿಮಾನಿಗಳು ಇದನ್ನು ಮಾಡುವುದಿಲ್ಲ. ಶಾಪ ಬಂದದ್ದು ಭಾರತದಿಂದ, ಒಬ್ಬ ಫಕೀರನಿಂದ. ಏಕೆ? ಆ ಕಾಲದ ಇಂಗ್ಲಿಷ್ ಓದುಗನಿಗೆ ಭಾರತವೆಂದರೆ ಕಾರಣ ಕೇಳದೆ ನಂಬಬಹುದಾದ ಕತ್ತಲೆಯ ಗೋದಾಮು. ಜೇಕಬ್ಸ್‌ನಲ್ಲಿ ಇದು ಒಂದು ಸಾಲಿನ ಸೌಕರ್ಯ, ಅಷ್ಟೆ. ಕಿಪ್ಲಿಂಗ್ 1890ರಲ್ಲಿ ಪ್ರಕಟಿಸಿದ 'ದಿ ಮಾರ್ಕ್ ಆಫ್ ದಿ ಬೀಸ್ಟ್'ನಲ್ಲಿ ಪ್ರಶ್ನೆ ಗಂಭೀರವಾಗುತ್ತದೆ. ಕುಡಿದ ಬಿಳಿಯನೊಬ್ಬ ಹನುಮಂತನ ವಿಗ್ರಹಕ್ಕೆ ಉರಿಯುವ ಚುಟ್ಟಾವನ್ನು ಒತ್ತುತ್ತಾನೆ. ಗುಡಿಯಲ್ಲಿದ್ದ ಕುಷ್ಠರೋಗಿಯೊಬ್ಬ ಅವನನ್ನು ಮುಟ್ಟುತ್ತಾನೆ, ಬಿಳಿಯ ಮೃಗದಂತಾಗುತ್ತಾನೆ. ಅವನ ಗೆಳೆಯರು ಆ ಕುಷ್ಠರೋಗಿಯನ್ನು ಹಿಡಿದು ಕಾದ ಕಬ್ಬಿಣದಿಂದ ಹಿಂಸಿಸಿ ಶಾಪ ತೆಗೆಸುತ್ತಾರೆ. ಆ ಹಿಂಸೆಯ ವಿವರ ಅಚ್ಚಿಗೆ ತಕ್ಕದ್ದಲ್ಲವೆಂದು ನಿರೂಪಕ ಬಾಯಿ ಮುಚ್ಚಿಕೊಳ್ಳುತ್ತಾನೆ. ಹಾಗಾದರೆ ಮೃಗದ ಗುರುತು ಬಿದ್ದದ್ದು ಯಾರ ಮೇಲೆ? ಕಿಪ್ಲಿಂಗ್‌ಗೆ ಇದು ಪೂರ್ತಿ ತಿಳಿದಿತ್ತೋ ಇಲ್ಲವೋ, ಕಥೆಗಂತೂ ತಿಳಿದಿದೆ. ಆದ್ದರಿಂದಲೇ ಅವನ ಸಾಮ್ರಾಜ್ಯಶಾಹಿ ಠೇಂಕಾರವನ್ನು ಸಹಿಸದ ನಾನೂ ಈ ಕಥೆಯನ್ನು ತಳ್ಳಿಹಾಕಲಾರೆ.

ಲವ್‌ಕ್ರಾಫ್ಟ್ 1925ರಲ್ಲಿ ಬರೆದ 'ದಿ ಹಾರರ್ ಅಟ್ ರೆಡ್ ಹುಕ್' ಕಥೆಯ ವಿಷಯದಲ್ಲಿ ಅಂಥ ವಿನಾಯಿತಿ ಸಾಧ್ಯವಿಲ್ಲ. ಬ್ರೂಕ್ಲಿನ್‌ನ ಬಡ ವಲಸಿಗರ ಮುಖಗಳೇ ಅಲ್ಲಿ ಭಯದ ವಸ್ತು. ಲೇಖಕನ ಜನಾಂಗದ್ವೇಷವನ್ನೇ ಓದುಗನ ಭಯವನ್ನಾಗಿಸುವ ಯತ್ನವದು. ಅದು ನೀತಿಯಲ್ಲಿ ಕೆಟ್ಟದ್ದು. ಕಲೆಯಲ್ಲಿಯೂ ಕೆಟ್ಟದ್ದು, ಏಕೆಂದರೆ ಆ ದ್ವೇಷ ಹಂಚಿಕೊಳ್ಳದ ಓದುಗನಿಗೆ ಅಲ್ಲಿ ಹೆದರಲು ಏನೂ ಉಳಿಯುವುದಿಲ್ಲ. ಅಭಿನವಗುಪ್ತ ಭಯಾನಕಕ್ಕೆ ಉದಾಹರಣೆಯಾಗಿ ಶಾಕುಂತಲದ ಆರಂಭದಲ್ಲಿ ದುಷ್ಯಂತನ ರಥಕ್ಕೆ ಬೆದರಿ ಓಡುವ ಜಿಂಕೆಯನ್ನು ತೆಗೆದುಕೊಂಡ. ಆ ಭಯ ನನ್ನದೂ ಅಲ್ಲ, ಶತ್ರುವಿನದೂ ಅಲ್ಲ, ಒಂದು ಕಾಲಕ್ಕೂ ಒಂದು ದೇಶಕ್ಕೂ ಕಟ್ಟುಬಿದ್ದದ್ದಲ್ಲ. ಆದ್ದರಿಂದಲೇ ಅದು ಎಲ್ಲ ಸಹೃದಯರದೂ ಆಗುತ್ತದೆ. ರೆಡ್ ಹುಕ್‌ನ ಭಯ ಒಂದು ವರ್ಗದ, ಒಂದು ಬೀದಿಯ ಭಯ. ಸಾಧಾರಣೀಕರಣ ಅಲ್ಲಿ ಆಗುವುದೇ ಇಲ್ಲ. ವಿಶ್ವ ಫ್ಯಾಂಟಸಿ ಪ್ರಶಸ್ತಿಯ ಫಲಕವಾಗಿದ್ದ ಲವ್‌ಕ್ರಾಫ್ಟ್‌ನ ಮುಖಶಿಲ್ಪವನ್ನು ಕೈಬಿಡುವುದಾಗಿ 2015ರಲ್ಲಿ ಪ್ರಕಟಿಸಿದಾಗ ದೊಡ್ಡ ಗದ್ದಲವೆದ್ದಿತು. ಶಿಲ್ಪ ಹೋದದ್ದು ಸರಿಯೇ. ಅವನ ಒಳ್ಳೆಯ ಕಥೆಗಳು ಉಳಿಯುವುದೂ ಸರಿಯೇ. ಎರಡನ್ನೂ ಒಟ್ಟಿಗೆ ಹೇಳಲಾಗದವನು ವಿಮರ್ಶಕನಲ್ಲ, ವಕೀಲ.

ಕಥೆಯ ಕೊನೆಯಲ್ಲಿ ವಿವರಣೆ ಕೊಡಬೇಕೇ ಎಂಬುದು ಇನ್ನೊಂದು ವಿವಾದ. ರಾಡ್‌ಕ್ಲಿಫ್ ತನ್ನ ಅಲೌಕಿಕಗಳಿಗೆಲ್ಲ ಲೌಕಿಕ ಕಾರಣ ಕೊಟ್ಟೇ ಕೊಡುತ್ತಾಳೆ. 1794ರ 'ದಿ ಮಿಸ್ಟರೀಸ್ ಆಫ್ ಉಡಾಲ್ಫೊ'ದಲ್ಲಿ ನಾಯಕಿ ಕಪ್ಪು ತೆರೆಯನ್ನು ಸರಿಸಿ ಮೂರ್ಛೆ ಹೋಗುತ್ತಾಳೆ. ಅಲ್ಲಿದ್ದದ್ದು ಮೇಣದ ಗೊಂಬೆ ಎಂದು ನೂರಾರು ಪುಟಗಳ ನಂತರ ತಿಳಿಯುತ್ತದೆ. ನಮ್ಮ ವಿಚಾರವಾದಿ ಮಿತ್ರರಿಗೆ ಇದು ಮೆಚ್ಚುಗೆಯಾಗಬಹುದು. ನನಗೆ ಇದು, ಊಟಕ್ಕೆ ಕರೆದು ಎಲೆ ಹಾಕಿ, ಕೊನೆಗೆ ಅಡುಗೆಯ ಚಿತ್ರ ತೋರಿಸಿದಂತೆ ಕಾಣುತ್ತದೆ. ಇದಕ್ಕೆ ಪ್ರತಿಯಾಗಿ ಹೆನ್ರಿ ಜೇಮ್ಸ್‌ನ 1898ರ 'ದಿ ಟರ್ನ್ ಆಫ್ ದಿ ಸ್ಕ್ರೂ'ವನ್ನು ನೋಡಿ. ಇಬ್ಬರು ಮಕ್ಕಳನ್ನು ನೋಡಿಕೊಳ್ಳುವ ಉಪಾಧ್ಯಾಯಿನಿಗೆ ಸತ್ತ ಸೇವಕನೂ ಹಿಂದಿನ ಉಪಾಧ್ಯಾಯಿನಿಯೂ ಕಾಣಿಸುತ್ತಾರೆ. ಅವರು ನಿಜವಾಗಿ ಇದ್ದಾರೋ, ಅವಳ ಮನಸ್ಸಿನ ಸೃಷ್ಟಿಯೋ? 1934ರಲ್ಲಿ ಎಡ್ಮಂಡ್ ವಿಲ್ಸನ್ ಇದು ಅವಳ ಭ್ರಮೆಯೆಂದು ವಾದಿಸಿದ. ವಾಗ್ವಾದ ಇನ್ನೂ ಮುಗಿದಿಲ್ಲ. ಮುಗಿಯಲೂಬಾರದು. ದೆವ್ವವಿದ್ದರೆ ಮಕ್ಕಳಿಗೆ ದೆವ್ವದಿಂದ ಅಪಾಯ, ಇಲ್ಲದಿದ್ದರೆ ತಮ್ಮನ್ನು ರಕ್ಷಿಸುತ್ತಿರುವೆನೆಂದು ನಂಬಿದವಳಿಂದಲೇ ಅಪಾಯ. ಎರಡನೆಯದು ಹೆಚ್ಚು ಘೋರ. ಮಕ್ಕಳ ಒಳಿತಿಗೆಂದೇ ಎಲ್ಲವನ್ನೂ ಮಾಡುವ ಹಿರಿಯರೆಲ್ಲ, ಶಿಕ್ಷಕರನ್ನೂ ಸೇರಿಸಿ, ಈ ಕಿರುಕಾದಂಬರಿಯನ್ನು ಓದಬೇಕು.

ಇನ್ನು ಈ ಪ್ರಕಾರದ ಕುರಿತ ಪುಸ್ತಕಗಳ ಮಾತು. ಇವುಗಳಲ್ಲಿ ಕಾಳಿಗಿಂತ ಜೊಳ್ಳು ಹೆಚ್ಚು. ಮೊದಲನೆಯದು ಪಟ್ಟಿಯ ಪುಸ್ತಕ: ಓದಲೇಬೇಕಾದ ನೂರು, ನೋಡಲೇಬೇಕಾದ ಇನ್ನೂರು. ಇವು ಅಂಗಡಿಯ ದರಪಟ್ಟಿಗಳು. ದರಪಟ್ಟಿಯನ್ನು ಯಾರೂ ವಿಮರ್ಶೆಯೆನ್ನುವುದಿಲ್ಲ. ಎರಡನೆಯದು ಸಂಕೇತ ಬಿಡಿಸುವ ಪುಸ್ತಕ. ಫ್ರಾಯ್ಡ್ 1919ರ ಪ್ರಬಂಧದಲ್ಲಿ ಹಾಫ್‌ಮನ್‌ನ 'ದಿ ಸ್ಯಾಂಡ್‌ಮ್ಯಾನ್' ಕಥೆಯ ಕಣ್ಣು ಕಳೆದುಕೊಳ್ಳುವ ಭಯವನ್ನು ಪುರುಷತ್ವ ಕಳೆದುಕೊಳ್ಳುವ ಭಯವಾಗಿ ಓದಿದ. ಫ್ರಾಂಕೊ ಮೊರೆಟ್ಟಿ 1897ರ 'ಡ್ರಾಕುಲಾ'ದ ಕೌಂಟನನ್ನು ಏಕಸ್ವಾಮ್ಯದ ಬಂಡವಾಳವೆಂದು ಓದಿದ. ಇವರು ದೊಡ್ಡ ಓದುಗರು. ಅವರ ಓದಿನಲ್ಲಿ ಬೆಳಕಿದೆ. ಆದರೆ ಅವರ ಹಿಂದೆ ಬಂದ ಸಾಲು ಸಾಲು ಪ್ರಬಂಧಗಳಲ್ಲಿ ಪ್ರೇತವೆಂದರೆ ಇದು, ರಕ್ತವೆಂದರೆ ಅದು ಎಂಬ ನಿಘಂಟು ಮಾತ್ರ ಉಳಿಯಿತು. ಹೀಗೆ ಅನುವಾದ ಮಾಡಿದ ಮೇಲೆ ಒಳ್ಳೆಯ ಕಥೆಯೂ ಕೆಟ್ಟ ಕಥೆಯೂ ಒಂದೇ ಆಗಿಬಿಡುತ್ತವೆ, ಏಕೆಂದರೆ ಅತ್ಯಂತ ಕಳಪೆ ರಕ್ತಪಿಶಾಚಿಯ ಕಥೆಯೂ ಬಂಡವಾಳದ ಸಂಕೇತವಾಗಬಲ್ಲದು. 'ಡ್ರಾಕುಲಾ' ಇಡೀ ಕಾದಂಬರಿ ದಿನಚರಿ, ಪತ್ರ, ತಂತಿ, ಫೋನೋಗ್ರಾಫ್ ದಾಖಲೆಗಳಿಂದ ಕಟ್ಟಿದ್ದು. ಎಲ್ಲರೂ ಬರೆಯುತ್ತಾರೆ, ಕೌಂಟ್ ಡ್ರಾಕುಲಾನ ದಿನಚರಿ ಮಾತ್ರ ಇಲ್ಲ. ಅವನ ಒಳಮನಸ್ಸಿಗೆ ನಮಗೆ ಪ್ರವೇಶವೇ ಇಲ್ಲ. ಭಯ ಹುಟ್ಟುವ ಇಂಥ ತಾವುಗಳನ್ನು ತೋರಿಸದೆ ಬರೀ 'ಅರ್ಥ' ಹೇಳುವ ಪುಸ್ತಕದಿಂದ ಓದುಗನಿಗೆ ಏನು ಪ್ರಯೋಜನ?

ಓದಲು ಯೋಗ್ಯವಾದವೂ ಇವೆ. ಲವ್‌ಕ್ರಾಫ್ಟ್‌ನ 1927ರ 'ಸೂಪರ್‌ನ್ಯಾಚುರಲ್ ಹಾರರ್ ಇನ್ ಲಿಟರೇಚರ್' ಕಸುಬು ಬಲ್ಲವನ ದೀರ್ಘ ಪ್ರಬಂಧ. ಆದರೆ ವಿಶ್ವದ ಅಜ್ಞಾತ ಶಕ್ತಿಗಳ ಮುಂದಿನ ನಡುಕವೊಂದೇ ಅವನ ಅಳತೆಗೋಲು. ಮಗನನ್ನು ಕಳೆದುಕೊಂಡ ಮುದುಕಿಯ ಗೋಳು ಅದರಲ್ಲಿ ಹಿಡಿಯುವುದಿಲ್ಲ. ತ್ಸ್ವೆತನ್ ತೊದೊರೊವ್ 1970ರಲ್ಲಿ, ಲೌಕಿಕವೋ ಅಲೌಕಿಕವೋ ಎಂದು ತೀರ್ಮಾನಿಸಲಾಗದ ತೊಳಲಾಟವೇ ಈ ಬಗೆಯ ಸಾಹಿತ್ಯದ ಜೀವವೆಂದು ತೋರಿಸಿದ. ಹೆನ್ರಿ ಜೇಮ್ಸ್‌ಗೆ ಅದು ಚೆನ್ನಾಗಿ ಹೊಂದುತ್ತದೆ, 'ಡ್ರಾಕುಲಾ'ಕ್ಕೆ ಹೊಂದುವುದಿಲ್ಲ. ಅಹಿತವಾದದ್ದನ್ನು ನಾವಾಗಿ ಏಕೆ ಹುಡುಕಿಕೊಂಡು ಹೋಗುತ್ತೇವೆ ಎಂದು 1990ರಲ್ಲಿ ಕೇಳಿದ ನೋಯೆಲ್ ಕ್ಯಾರಲ್, ತಿಳಿಯುವ ಕುತೂಹಲವೇ ಕಾರಣವೆಂದ. ನಮ್ಮ ಆಲಂಕಾರಿಕರು ಕರುಣರಸದ ವಿಚಾರದಲ್ಲಿ ಇದೇ ಪ್ರಶ್ನೆಯನ್ನು ಎತ್ತಿಕೊಂಡವರು. ತೀ.ನಂ.ಶ್ರೀ. ಅವರ 1953ರ 'ಭಾರತೀಯ ಕಾವ್ಯಮೀಮಾಂಸೆ'ಯನ್ನು ಕ್ಯಾರಲ್‌ನ ಪಕ್ಕದಲ್ಲಿಟ್ಟುಕೊಂಡು ಓದಿದವರಿಗೆ ಇಬ್ಬರಿಂದಲೂ ಲಾಭವಿದೆ.

ಕಟುವಾಗಿ ತೆಗಳಿದವರನ್ನೂ ನಾನು ಗೌರವಿಸುತ್ತೇನೆ, ಓದಿ ತೆಗಳಿದ್ದರೆ. ಇದೇ ಎಡ್ಮಂಡ್ ವಿಲ್ಸನ್ 1945ರಲ್ಲಿ ಲವ್‌ಕ್ರಾಫ್ಟ್‌ನನ್ನು ಓದಿ, ಅವನ ಶೈಲಿಯ ಅಬ್ಬರವನ್ನು ಹಿಡಿದು ಜಾಡಿಸಿದ. ಆ ತಕರಾರಿನಲ್ಲಿ ಅರ್ಧ ನಿಜವಿದೆ. ಅಮೆರಿಕದ ಶ್ರೇಷ್ಠ ಕೃತಿಗಳ ಗ್ರಂಥಮಾಲೆಯೊಂದು ಬೇಕೆಂದು ಕನಸು ಕಂಡವನೂ ಅವನೇ. ಆ ಕನಸಿನಿಂದ ಹುಟ್ಟಿದ ಲೈಬ್ರರಿ ಆಫ್ ಅಮೆರಿಕ 2005ರಲ್ಲಿ ಲವ್‌ಕ್ರಾಫ್ಟ್‌ನ ಸಂಪುಟವನ್ನು ಹೊರತಂದಿತು! ಕಾಲ ಹೀಗೆ ಹಿರಿಯ ವಿಮರ್ಶಕರ ಕಿವಿಯನ್ನೂ ಹಿಂಡುತ್ತದೆ. ಆದರೂ ಓದಿ ತಪ್ಪು ಹೇಳಿದ ವಿಲ್ಸನ್, ಓದದೆ ಕೆಂಪು ಗೆರೆ ಎಳೆಯುವವರಿಗಿಂತ ಸಾವಿರ ಪಾಲು ಮೇಲು.

"ಹಾಗಾದರೆ ಪುಸ್ತಕದಿಂದ ಕೇಡೇ ಆಗುವುದಿಲ್ಲವೇ?" ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ಸ್ಟೀಫನ್ ಕಿಂಗ್ ಲೇಖಕನಾಗುವ ಮೊದಲು ಮೇಯ್ನ್ ಪ್ರಾಂತದ ಪ್ರೌಢಶಾಲೆಯೊಂದರಲ್ಲಿ ಇಂಗ್ಲಿಷ್ ಮೇಷ್ಟ್ರಾಗಿದ್ದವನು. ಸಹಪಾಠಿಗಳ ಕ್ರೌರ್ಯಕ್ಕೆ ಗುರಿಯಾದ ಹುಡುಗಿಯ ಕಥೆಯಾದ 1974ರ 'ಕ್ಯಾರಿ'ಯಲ್ಲಿ ಅದರ ಅನುಭವ ಕಾಣುತ್ತದೆ. ಅವನು ಬೇರೆ ಹೆಸರಿನಲ್ಲಿ ಪ್ರಕಟಿಸಿದ 1977ರ 'ರೇಜ್' ಕಾದಂಬರಿಯಲ್ಲಿ ವಿದ್ಯಾರ್ಥಿಯೊಬ್ಬ ಬಂದೂಕು ಹಿಡಿದು ತರಗತಿಯನ್ನು ಒತ್ತೆಯಿಡುತ್ತಾನೆ. ಶಾಲೆಯಲ್ಲಿ ಗುಂಡು ಹಾರಿಸಿದ ಹುಡುಗರಲ್ಲಿ ಕೆಲವರು ಅದನ್ನು ಓದಿದ್ದರೆಂದು ತಿಳಿದಾಗ ಅದರ ಮುದ್ರಣವನ್ನು ಕಿಂಗ್ ತಾನೇ ನಿಲ್ಲಿಸಿದ. ಪುಸ್ತಕ ಅವರನ್ನು ಕೊಲೆಗಾರರನ್ನಾಗಿ ಮಾಡಲಿಲ್ಲವೆಂದೂ, ಆದರೂ ಅದನ್ನು ಹೊರಗಿಡುವುದೇ ಹೊಣೆಯೆಂದು ತನಗೆ ಕಂಡಿತೆಂದೂ 2013ರಲ್ಲಿ ಬರೆದ. ಇದನ್ನು ನಾನು ಮೆಚ್ಚುತ್ತೇನೆ. ಒಂದು ನಿರ್ದಿಷ್ಟ ಪುಸ್ತಕವನ್ನು ಪೂರ್ತಿ ಬಲ್ಲವನು, ನಿರ್ದಿಷ್ಟ ಕಾರಣಕ್ಕೆ ತೆಗೆದುಕೊಂಡ ತೀರ್ಮಾನವದು. ಇಡೀ ಪ್ರಕಾರದ ಮೇಲೆ ಗೆರೆ ಎಳೆಯುವುದಕ್ಕೆ ಅದನ್ನು ಸಾಕ್ಷಿಯಾಗಿ ಕರೆಯಲಾಗದು. ವಯಸ್ಸಿಗೆ ತಕ್ಕ ಆಯ್ಕೆ ಬೇಕೆಂಬುದನ್ನೂ ನಾನು ಒಪ್ಪುತ್ತೇನೆ. ಆಯ್ಕೆ ಮಾಡಬೇಕಾದರೆ ಮೊದಲು ಓದಬೇಕು ಎಂಬುದಷ್ಟೇ ನನ್ನ ಬೇಡಿಕೆ.

ಓದುವಾಗ ನಾನು ಕೇಳಿಕೊಳ್ಳುವ ನಾಲ್ಕು ಪ್ರಶ್ನೆಗಳನ್ನು ಇಲ್ಲಿ 적ದೆ ಹೋಗಲಾರೆ:

1. ದೆವ್ವ ಬರುವುದಕ್ಕೆ ಮೊದಲೇ ಕಳೆದುಕೊಳ್ಳುವಂಥದ್ದೇನಾದರೂ ಈ ಕಥೆಯಲ್ಲಿದೆಯೇ? ಕಳೆದುಕೊಳ್ಳಲು ಏನೂ ಇಲ್ಲದ ಪಾತ್ರಗಳಿಗಾಗಿ ಯಾರೂ ಹೆದರುವುದಿಲ್ಲ.

2. ಕಥೆ ತೋರಿಸಿದ್ದೆಷ್ಟು, ಮುಚ್ಚಿಟ್ಟದ್ದೆಷ್ಟು? ಮುಚ್ಚಿಟ್ಟದ್ದಕ್ಕೆ ಕಾರಣವಿದೆಯೇ, ಅಥವಾ ಲೇಖಕನಿಗೇ ಗೊತ್ತಿಲ್ಲವೇ?

3. ಯಾರಿಗೆ ಹೆದರಬೇಕೆಂದು ಈ ಕಥೆ ಹೇಳುತ್ತಿದೆ? ಬಡವನಿಗೋ, ಪರದೇಶಿಗೋ, ರೋಗಿಗೋ, ವಿಧವೆಗೋ? ಹಾಗಿದ್ದರೆ ಎಚ್ಚರ.

4. ಎರಡನೆಯ ಸಲ ಓದಿದಾಗ ಏನು ಉಳಿಯುತ್ತದೆ? ಬೆಚ್ಚಿಬೀಳುವುದು ಒಂದೇ ಸಲ ಸಾಧ್ಯ. ಎರಡನೆಯ ಓದಿಗೂ ನಿಲ್ಲುವುದೇ ಸಾಹಿತ್ಯ.

ಕೊನೆಯದಾಗಿ ಒಂದು ಸಂಗತಿ. ಷರ್ಲಿ ಜಾಕ್ಸನ್‌ಳ 'ದಿ ಲಾಟರಿ' 1948ರಲ್ಲಿ 'ದಿ ನ್ಯೂಯಾರ್ಕರ್' ಪತ್ರಿಕೆಯಲ್ಲಿ ಅಚ್ಚಾಯಿತು. ಒಂದು ಸಾಧಾರಣ ಹಳ್ಳಿ, ಬೇಸಿಗೆಯ ಬೆಳಗು, ಊರ ಜನ ಚೀಟಿ ಎತ್ತಲು ಸೇರುತ್ತಾರೆ. ಚೀಟಿ ಬಂದವರನ್ನು ನೆರೆಹೊರೆಯವರೇ ಕಲ್ಲೆಸೆದು ಕೊಲ್ಲುತ್ತಾರೆ. ದೆವ್ವವಿಲ್ಲ, ಕತ್ತಲಿಲ್ಲ, ಪಾಳುಮನೆಯಿಲ್ಲ. ಆ ಬೇಸಿಗೆಯಲ್ಲಿ ಆಕೆಗೆ ಮುನ್ನೂರಕ್ಕೂ ಹೆಚ್ಚು ಪತ್ರಗಳು ಬಂದವು. ಬೈದವರಿದ್ದರು, ಅರ್ಥವಾಗದವರಿದ್ದರು. ಆದರೆ ಇಂಥ ಲಾಟರಿ ಎಲ್ಲಿ ನಡೆಯುತ್ತದೆ, ತಾವೂ ಹೋಗಿ ನೋಡಬಹುದೇ ಎಂದು ಕೇಳಿದವರೂ ಇದ್ದರೆಂದು ಆಕೆ ಮುಂದೆ ದಾಖಲಿಸಿದ್ದಾಳೆ. ಕಥೆ ಹೆದರಬೇಕಾದದ್ದು ಯಾರಿಗೆಂದು ತೋರಿಸಿತು. ಆ ಪತ್ರ ಬರೆದವರು ಅದನ್ನು ರುಜುವಾತು ಮಾಡಿದರು. ನಮ್ಮ ಮಕ್ಕಳು ಆ ಪತ್ರ ಬರೆಯುವವರಾಗಬಾರದೆಂದಿದ್ದರೆ, ಇಂಥ ಕಥೆಗಳನ್ನು ಅವರಿಂದ ಬಚ್ಚಿಡದೆ, ಪಕ್ಕದಲ್ಲಿ ಕುಳಿತು ಓದಿಸಬೇಕು.